ಗುದ್ದಿದವರ ವಿಮೆ, ನಮ್ಮ ಕಾರಿನ ರಿಪೇರಿ

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಬಂದ ಇನ್ನೊಂದು ಕಾರು ಗುದ್ದುತ್ತದೆ. ಇಬ್ಬರೂ ಇಳಿಯುತ್ತಾರೆ, ನಾಲ್ಕು ಜನ ಸೇರುತ್ತಾರೆ, ದನಿ ಏರಿ ಇಳಿಯುತ್ತದೆ. ಕೊನೆಗೆ ಗುದ್ದಿದವರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ನನ್ನ ಗಾಡಿಗೆ ಫುಲ್ ಇನ್ಶೂರೆನ್ಸ್ ಇದೆ ಸಾರ್, ಅದರಲ್ಲೇ ನಿಮ್ಮದನ್ನೂ ಮಾಡಿಸಿಕೊಡ್ತೀನಿ ಬಿಡಿ.’ ಅವರ ಫೋನ್ ನಂಬರ್ ಬರೆದುಕೊಂಡು ಹೊರಟವರಿಗೆ ಮರುದಿನ ಗ್ಯಾರೇಜಿನಲ್ಲಿ ತಿಳಿಯುವ ಸಂಗತಿ ಬೇರೆ. ಅವರ ಫುಲ್ ಇನ್ಶೂರೆನ್ಸ್ ರಿಪೇರಿ ಮಾಡಿಸುವುದು ಅವರ ಕಾರನ್ನು. ನಮ್ಮ ಬಂಪರಿನ ಬಿಲ್ಲನ್ನು ಅವರ ಆ ಕ್ಲೇಮಿಗೆ ಸೇರಿಸಲು ಯಾವ ಗ್ಯಾರೇಜಿಗೂ ದಾರಿಯಿಲ್ಲ.

ಹಾಗೆಂದು ಹಣವೇ ಇಲ್ಲ ಎಂದಲ್ಲ. ಹಣ ಇದೆ, ಅದೂ ಕಾನೂನಿನ ಒತ್ತಾಯದಿಂದಲೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ವಾಹನ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಥರ್ಡ್ ಪಾರ್ಟಿ ವಿಮೆ ಎಂದರೆ ಸಾವು-ನೋವಿನ ಪರಿಹಾರ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಬೇರೆಯವರ ಆಸ್ತಿಗೆ ಆಗುವ ಹಾನಿಯೂ ಅದರಲ್ಲಿ ಸೇರಿದೆ. ನಮ್ಮ ಕಾರು ಅಂಥ ಆಸ್ತಿ. ಮನೆಯ ಕಾಂಪೌಂಡು, ಅಂಗಡಿಯ ಶಟರ್, ಹೆದ್ದಾರಿ ದಾಟುತ್ತಿದ್ದ ರೈತನ ಎಮ್ಮೆ ಕೂಡ ಆಸ್ತಿಯೇ. ಖಾಸಗಿ ಕಾರಿನ ಪಾಲಿಸಿಯಲ್ಲಿ ಈ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ, ದ್ವಿಚಕ್ರ ವಾಹನದ್ದರಲ್ಲಿ 1 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಗುದ್ದಿದವರ ಬಳಿ ಫುಲ್ ಇನ್ಶೂರೆನ್ಸ್ ಇರಬೇಕೆಂದೇನೂ ಇಲ್ಲ, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೂ ಸಾಕು.

ತೊಡಕಿರುವುದು ಆ ಹಣ ಕೈಸೇರುವ ದಾರಿಯಲ್ಲಿ. ಸ್ವಂತ ಪಾಲಿಸಿಯಾದರೆ ಒಂದು ಫೋನ್ ಕರೆ, ಒಬ್ಬ ಸರ್ವೇಯರ್, ಕ್ಯಾಶ್‌ಲೆಸ್ ಗ್ಯಾರೇಜು, ಅಷ್ಟಕ್ಕೆ ಕೆಲಸ ಮುಗಿಯುತ್ತದೆ. ಎದುರಿನವರ ವಿಮಾ ಕಂಪನಿಯಿಂದ ಪಡೆಯಬೇಕಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಮ್ಮ ಕೋರ್ಟುಗಳ ಅಂಗಳದಲ್ಲಿ ‘ಎಂವಿಸಿ ಕೇಸು’ ಎಂದು ಕರೆಯುವುದು ಇದನ್ನೇ. ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ, ಏಕೆಂದರೆ ಆ ಕಂಪನಿಗೆ ನಾವು ಗ್ರಾಹಕರಲ್ಲ. ಅಪಘಾತ ಪರಿಹಾರದ ಜಾಗ ನ್ಯಾಯಮಂಡಳಿಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಿಮಾ ಓಂಬುಡ್ಸ್‌ಮನ್ ಕೂಡ ನಮ್ಮ ಸ್ವಂತ ಕಂಪನಿಯ ಮೇಲಿನ ದೂರನ್ನಷ್ಟೇ ಕೇಳುತ್ತಾರೆ. ಸಿವಿಲ್ ಕೋರ್ಟಿನ ಬಾಗಿಲನ್ನು ಕಾಯಿದೆಯ 175ನೇ ಸೆಕ್ಷನ್ ಮುಚ್ಚಿದೆ.

ಆದ್ದರಿಂದಲೇ ತಪ್ಪು ಎದುರಿನವರದಾದರೂ ನಮ್ಮಲ್ಲಿ ಹೆಚ್ಚಿನವರು ರಿಪೇರಿ ಮಾಡಿಸುವುದು ತಮ್ಮದೇ ಪಾಲಿಸಿಯಲ್ಲಿ. ವಿಮಾ ಕಂಪನಿಗಳಿಗೂ ಅದೇ ಅನುಕೂಲ. ಅವುಗಳ ನಡುವೆ ‘ನಾಕ್ ಫಾರ್ ನಾಕ್’ ಎಂಬ ಒಪ್ಪಂದವಿದೆ: ಅವರವರ ಗ್ರಾಹಕರ ಕಾರನ್ನು ಅವರವರೇ ರಿಪೇರಿ ಮಾಡಿಸುವುದು, ಒಬ್ಬರ ಮೇಲೊಬ್ಬರು ವಸೂಲಿಗೆ ಹೋಗದಿರುವುದು. ಸಾವಿರಾರು ಕ್ಲೇಮುಗಳಲ್ಲಿ ಕೊಡುವುದು, ಪಡೆಯುವುದು ಸರಿದೂಗುತ್ತದೆ ಎಂಬ ಲೆಕ್ಕ ಕಂಪನಿಗಳದು. ಆದರೆ ಆ ಸರಿದೂಗುವಿಕೆಯಲ್ಲಿ ಕಾರಿನ ಯಜಮಾನನಿಗೆ ಪಾಲಿಲ್ಲ.

ಯಜಮಾನನ ನಷ್ಟ ಎಷ್ಟು? ನಾಲ್ಕೂವರೆ ವರ್ಷ ಹಳೆಯ ಚಿಕ್ಕ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಿಪೇರಿ ಖರ್ಚು ಒಟ್ಟು 50,000 ರೂಪಾಯಿ. ಅದರಲ್ಲಿ ಪ್ಲಾಸ್ಟಿಕ್ ಬಿಡಿಭಾಗಕ್ಕೆ 12,000, ಲೋಹದ ಭಾಗಕ್ಕೆ 14,000, ಪೇಂಟಿಂಗಿಗೆ 16,000, ಟಿಂಕರಿಂಗ್ ಕೂಲಿ 8,000. ಸಾಮಾನ್ಯ ಪಾಲಿಸಿ ಸವಕಳಿ ಎಂದು ಪ್ಲಾಸ್ಟಿಕ್ಕಿನಲ್ಲಿ ಅರ್ಧ, ಅಂದರೆ 6,000 ಕಳೆಯುತ್ತದೆ. ನಾಲ್ಕು ವರ್ಷ ದಾಟಿದ ಕಾರಿನ ಲೋಹಕ್ಕೆ ಶೇ 35ರಂತೆ 4,900 ಹೋಗುತ್ತದೆ. ಪೇಂಟಿಂಗ್ ಬಿಲ್ಲಿನ ಕಾಲು ಭಾಗ ಬಣ್ಣದ ಬೆಲೆಯೆಂದು ಎಣಿಸಿ ಅದರಲ್ಲಿ ಅರ್ಧ, 2,000 ಹೋಗುತ್ತದೆ. ಇದರ ಮೇಲೆ 1,500 ಸಿಸಿವರೆಗಿನ ಕಾರಿನ ಮಾಲೀಕರು ಕಡ್ಡಾಯವಾಗಿ ಭರಿಸಬೇಕಾದ 1,000 ರೂಪಾಯಿ. ಎಲ್ಲ ಕೂಡಿದರೆ 13,900 ರೂಪಾಯಿ ಕೈಯಿಂದ ಹೋಯಿತು.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಶೇ 20ರಿಂದ ಶುರುವಾಗಿ 25, 35, 45 ಎಂದು ಏರುತ್ತ ಐದನೇ ವರ್ಷಕ್ಕೆ 50 ತಲುಪುತ್ತದೆ. ಒಂದು ಕ್ಲೇಮ್ ಆದರೆ ಮತ್ತೆ ಸೊನ್ನೆ. ತಪ್ಪು ಯಾರದೆಂದು ಈ ಲೆಕ್ಕ ಕೇಳುವುದೇ ಇಲ್ಲ. ಮುಂದಿನ ನವೀಕರಣದಲ್ಲಿ ಶೇ 50 ಸಿಗಬೇಕಿದ್ದ ಈ ಕಾರಿನ ಸ್ವಂತ ಹಾನಿಯ ಕಂತು ವರ್ಷಕ್ಕೆ 10,000 ಎಂದು ಹಿಡಿದು, ಅದು ಬದಲಾಗುವುದಿಲ್ಲ ಎಂದುಕೊಂಡರೂ, ಮೊದಲ ವರ್ಷ 5,000, ಆಮೇಲೆ 3,000, 2,500, 1,500, 500, ಹೀಗೆ ಐದು ನವೀಕರಣಗಳಲ್ಲಿ 12,500 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತದೆ. ಎರಡನ್ನೂ ಕೂಡಿಸಿದರೆ 26,400. ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದ ವ್ಯಕ್ತಿ ರಿಪೇರಿಯ ಅರ್ಧಕ್ಕಿಂತ ಹೆಚ್ಚನ್ನು ತಾನೇ ಹೊತ್ತಂತಾಯಿತು. ಸವಕಳಿ ಕಳೆಯದ ‘ಜೀರೊ ಡೆಪ್’ ಆ್ಯಡ್-ಆನ್ ಇದ್ದರೆ ಆ ಭಾಗ ಉಳಿಯುತ್ತದೆ, ಬೋನಸ್ ಉಳಿಸಲು ಬೇರೆಯದೇ ಆ್ಯಡ್-ಆನ್ ಬೇಕು. ಆ ಎರಡಕ್ಕೂ ಹಣ ಕಟ್ಟುವವರು ನಾವೇ. ಇದು ನ್ಯಾಯವಲ್ಲ ಎಂದು ನೇರವಾಗಿ ಹೇಳಲೇಬೇಕು.

ಇದಕ್ಕಿಂತ ಕೆಟ್ಟದ್ದೊಂದು ಗ್ಯಾರೇಜುಗಳಲ್ಲಿ ನಡೆಯುತ್ತದೆ. ‘ಬೇರೆ ಗಾಡಿ ಅಂತ ಬರೆದರೆ ಪೊಲೀಸು, ಎಫ್‌ಐಆರ್ ಅಂತ ತಡ ಆಗುತ್ತೆ. ಪಾರ್ಕಿಂಗಿನಲ್ಲಿ ಕಂಬಕ್ಕೆ ತಗುಲಿತು ಅಂತ ಬರೆದುಬಿಡಿ’ ಎಂಬ ಸಲಹೆ ಬರುತ್ತದೆ. ಕಾರು ಬೇಗ ಸಿಗಲಿ ಎಂಬ ಆತುರದಲ್ಲಿ ಜನ ಸಹಿ ಹಾಕುತ್ತಾರೆ. ಕ್ಲೇಮ್ ಫಾರಂನಲ್ಲಿ ಸುಳ್ಳು ಬರೆದರೆ ಸ್ವಂತ ಕಂಪನಿಯೇ ಕ್ಲೇಮ್ ತಿರಸ್ಕರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಗುದ್ದಿದವರ ಮೇಲೆ ಹೂಡಬಹುದಾಗಿದ್ದ ಕೇಸನ್ನು ನಾವೇ ನಮ್ಮ ಸಹಿಯಿಂದ ಮುಗಿಸಿದಂತಾಗುತ್ತದೆ. ನಾಳೆ ನ್ಯಾಯಮಂಡಳಿಯಲ್ಲಿ ಎದುರಿನ ವಕೀಲರು ಆ ಒಂದೇ ಹಾಳೆ ತೋರಿಸಿದರೆ ಸಾಕು. ಎಷ್ಟೇ ತಡವಾಗಲಿ, ಫಾರಂನಲ್ಲಿ ನಡೆದದ್ದನ್ನೇ ಬರೆಯಬೇಕು.

ಯಾರು ಯಾವ ದಾರಿ ಹಿಡಿಯಬೇಕು?

ಬಂಪರಿನ ಮೇಲೊಂದು ಗೀರು, ಎರಡು ಮೂರು ಸಾವಿರದ ಕೆಲಸ ಎಂದಾದರೆ ಸ್ಥಳದಲ್ಲೇ ಹಣ ಪಡೆದು ಮುಗಿಸುವುದು ಒಳ್ಳೆಯದು. ಅದಕ್ಕೆ ಕ್ಲೇಮೂ ಬೇಡ, ಕೇಸೂ ಬೇಡ. ಆದರೆ ಈಗಿನ ಕಾರುಗಳ ಬಂಪರು ಹೊರಗಿನಿಂದ ಚೆನ್ನಾಗಿಯೇ ಕಂಡು ಒಳಗಿನ ಕ್ಲಿಪ್ಪು, ಸೆನ್ಸರು, ಹಿಂದಿನ ಕಬ್ಬಿಣದ ಪಟ್ಟಿ ಹಾಳಾಗಿರುವುದುಂಟು. ಗ್ಯಾರೇಜಿನವರು ಬಿಚ್ಚಿ ನೋಡುವ ತನಕ ‘ಇನ್ನೇನೂ ಬಾಕಿ ಇಲ್ಲ’ ಎಂದು ಬರೆದುಕೊಡಬಾರದು.

ಹಾನಿ ಮಧ್ಯಮ ಗಾತ್ರದ್ದು, ಜೀರೊ ಡೆಪ್ ಇದೆ, ಕಾರಿಲ್ಲದೆ ದಿನ ಸಾಗುವುದಿಲ್ಲ ಎನ್ನುವವರಿಗೆ ಸ್ವಂತ ಪಾಲಿಸಿಯೇ ಸರಿ. ನ್ಯಾಯಮಂಡಳಿ ದಾರಿ ನಿಜಕ್ಕೂ ಬೇಕಾಗುವುದು ಬೇರೆಯವರಿಗೆ. ಹಳೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಕಟ್ಟಿರುವ ನಿವೃತ್ತರು, ಸಾಲದ ಕಂತು ತೀರಿಸಲು ದಿನವೂ ಓಡಲೇಬೇಕಾದ ಆಟೊ, ಟ್ಯಾಕ್ಸಿ ಚಾಲಕರು, ಗೋಡೆ ಕಳೆದುಕೊಂಡ ಮನೆಯವರು, ಎಮ್ಮೆ ಕಳೆದುಕೊಂಡ ರೈತ. ಇವರ ನಷ್ಟವನ್ನು ತುಂಬಿಕೊಡುವ ಬೇರೆ ಪಾಲಿಸಿ ಸಾಮಾನ್ಯವಾಗಿ ಇರುವುದಿಲ್ಲ. ಹಾನಿ ಲಕ್ಷಗಳಲ್ಲಿದ್ದು ಸ್ವಂತ ಪಾಲಿಸಿ ಅದನ್ನು ತುಂಬಿಕೊಡದಿದ್ದರೂ ಇದೇ ದಾರಿ.

ಎರಡೂ ಕಡೆ ಕೇಳಬಹುದೇ? ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರವಿಲ್ಲ. ಸ್ವಂತ ಕಂಪನಿ ಕೊಟ್ಟ ಹಣವನ್ನೇ ಮತ್ತೆ ಗುದ್ದಿದವರ ಕಂಪನಿಯಿಂದ ಕೇಳುವಂತಿಲ್ಲ. ಸವಕಳಿಯೆಂದು ಕಳೆದು ಕೈಬಿಟ್ಟು ಹೋದ ಭಾಗವನ್ನು ಕೇಳುವ ಯೋಚನೆ ಇದ್ದರೆ, ಯಾವ ಬಾಬ್ತಿನಲ್ಲಿ ಎಷ್ಟು ಕಡಿತವಾಯಿತು ಎಂಬ ಸರ್ವೇಯರ್ ಲೆಕ್ಕದ ಪ್ರತಿ ಕೈಯಲ್ಲಿರಬೇಕು. ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಒಕ್ಕಣೆಯ ವೋಚರಿಗೆ ಸಹಿ ಹಾಕುವ ಮೊದಲು ವಕೀಲರೊಬ್ಬರಿಗೆ ತೋರಿಸಬೇಕು.

ಕೇಸು ಗಟ್ಟಿಯಾಗುವುದು ಮೊದಲ ದಿನವೇ

ನ್ಯಾಯಮಂಡಳಿಯಲ್ಲಿ ಸಾಬೀತು ಮಾಡಬೇಕಾದದ್ದು ಮುಖ್ಯವಾಗಿ ಎರಡು: ಎದುರಿನ ಚಾಲಕರ ನಿರ್ಲಕ್ಷ್ಯ ಮತ್ತು ನಷ್ಟದ ಮೊತ್ತ. ಸಾವು ಅಥವಾ ತೀವ್ರ ಗಾಯವಾದಾಗ ತಪ್ಪು ಸಾಬೀತು ಮಾಡದೆಯೂ ನಿಗದಿತ ಪರಿಹಾರ ಕೊಡುವ ಸೆಕ್ಷನ್ ಕಾಯಿದೆಯಲ್ಲಿದೆ. ವಾಹನದ ಹಾನಿಗೆ ಆ ಸವಲತ್ತಿಲ್ಲ. ಇಬ್ಬರದೂ ತಪ್ಪೆಂದು ಕಂಡರೆ ನಮ್ಮ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ.

ಯಾರಿಗೂ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ, ಗಾಡಿ ಪಕ್ಕಕ್ಕೆ ಸರಿಸುವ ಮುನ್ನ ಫೋಟೊ ತೆಗೆಯಬೇಕು. ಹತ್ತಿರದಿಂದ ತೆಗೆದ ತಗ್ಗಿನ ಫೋಟೊಗಿಂತ ದೂರದಿಂದ ತೆಗೆದದ್ದು ಹೆಚ್ಚು ಬೆಲೆಬಾಳುತ್ತದೆ. ಎರಡೂ ಗಾಡಿಗಳ ನಂಬರ್ ಪ್ಲೇಟು, ರಸ್ತೆಯ ಪಟ್ಟಿ, ಬ್ರೇಕಿನ ಗುರುತು, ಸಿಗ್ನಲ್ ಕಂಬ ಒಂದೇ ಚೌಕಟ್ಟಿನಲ್ಲಿ ಬರಬೇಕು. ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಅಂದೇ ಕೇಳಬೇಕು, ಹಳೆಯ ದೃಶ್ಯಗಳು ಬೇಗ ಅಳಿದುಹೋಗುತ್ತವೆ. ನೋಡಿದವರೊಬ್ಬರ ಹೆಸರು, ನಂಬರ್ ಪಡೆಯಬೇಕು. ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033.

ಗುದ್ದಿದವರು ‘ತಪ್ಪು ನನ್ನದೇ’ ಎಂದು ಚೀಟಿ ಬರೆದುಕೊಟ್ಟರೂ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವಂತಿಲ್ಲ, ಪರಿಹಾರದ ಭರವಸೆ ಕೊಡುವಂತಿಲ್ಲ ಎಂಬ ಷರತ್ತು ಮೋಟಾರು ಪಾಲಿಸಿಗಳಲ್ಲಿರುತ್ತದೆ. ಹಾಗಾಗಿ ಕಂಪನಿ ಆ ಚೀಟಿಯನ್ನು ಒಪ್ಪದೆ ವಾದ ಮಾಡುತ್ತದೆ. ಗಟ್ಟಿಯಾದ ದಾಖಲೆ ಪೊಲೀಸರದು. ಬೆಂಗಳೂರಿನಲ್ಲಾದರೆ ಆ ಜಾಗದ ಸಂಚಾರ ಠಾಣೆ, ಊರುಗಳಲ್ಲಿ ಸ್ಥಳೀಯ ಠಾಣೆ. ನಿರ್ಲಕ್ಷ್ಯದ ಚಾಲನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ, ಹಿಂದೆ ಐಪಿಸಿ 279 ಎನ್ನುತ್ತಿದ್ದುದು ಇದೇ. ‘ಯಾರಿಗೂ ಏನೂ ಆಗಿಲ್ಲವಲ್ಲ, ರಾಜಿ ಮಾಡಿಕೊಳ್ಳಿ’ ಎಂದು ಠಾಣೆಯಲ್ಲಿ ಹೇಳುವುದು ಸಾಮಾನ್ಯ. ಕೇಸು ಹೂಡುವ ನಿರ್ಧಾರವಿದ್ದರೆ ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಯವರಿಗೆ ಲಿಖಿತವಾಗಿ ಕಳುಹಿಸಲು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ಕಾನೂನಿನಲ್ಲಿ ಅವಕಾಶವಿದೆ.

ಎಫ್‌ಐಆರ್ ಎಂದೊಡನೆ ಜನ ಹಿಂಜರಿಯಲು ಒಂದು ಕಾರಣ, ಗಾಡಿ ಠಾಣೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಂಬ ಭಯ. ಬ್ರೇಕ್ ಇನ್‌ಸ್ಪೆಕ್ಟರು ಎಂದು ನಾವು ಕರೆಯುವ ಮೋಟಾರು ವಾಹನ ನಿರೀಕ್ಷಕರು ಬಂದು ಪರೀಕ್ಷಿಸಬೇಕು, ನಿಜ. ಆದರೆ ಪರೀಕ್ಷೆಗೆಂದು ಒಯ್ದ ವಾಹನವನ್ನು ವಿಧಿವಿಧಾನ ಮುಗಿಸಿ 24 ಗಂಟೆಯೊಳಗೆ ಹಿಂತಿರುಗಿಸಬೇಕು ಎಂದು ಕಾಯಿದೆಯ 136ನೇ ಸೆಕ್ಷನ್ ಹೇಳುತ್ತದೆ. ಇದನ್ನು ಠಾಣೆಯಲ್ಲಿ ವಿನಯದಿಂದ ನೆನಪಿಸುವ ಹಕ್ಕು ಎಲ್ಲರಿಗೂ ಇದೆ. ಆ ನಿರೀಕ್ಷಕರ ವರದಿ, ಸ್ಥಳ ಮಹಜರು, ನಕ್ಷೆ, ಕೊನೆಗೆ ದೋಷಾರೋಪ ಪಟ್ಟಿ, ಇವೇ ಮುಂದೆ ಎಂವಿಸಿ ಕೇಸಿನ ಆಧಾರ.

ಎದುರಿನವರ ವಿಮೆ ಯಾವ ಕಂಪನಿಯದು ಎಂದು ತಿಳಿಯುವುದು ಈಗ ಕಷ್ಟವಿಲ್ಲ. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಪಾಲಿಸಿಯ ಅವಧಿ ಕಾಣುತ್ತದೆ. ಅಪಘಾತಕ್ಕೀಡಾದವರಿಗೆಂದೇ ವಿಮಾ ಮಾಹಿತಿ ಸಂಸ್ಥೆ ‘ವಿ-ಸೇವಾ’ ಎಂಬ ಸೇವೆ ನಡೆಸುತ್ತದೆ. ಪರಿಹಾರ ಕೇಳುವವರಿಗೆ ನೋಂದಣಿ ಪ್ರಾಧಿಕಾರ ಅಥವಾ ಠಾಣಾಧಿಕಾರಿ ಶುಲ್ಕ ಪಡೆದು ವಾಹನದ, ಮಾಲೀಕರ, ಚಾಲಕರ ವಿವರ ಕೊಡಲೇಬೇಕೆಂದು 160ನೇ ಸೆಕ್ಷನ್ ಇದೆ. ಗಾಡಿ ಮಾರಿ ವರ್ಷವಾದರೂ ಆರ್‌ಸಿ ಬದಲಾಯಿಸದವರು ನಮ್ಮಲ್ಲಿ ಬಹಳ. ಆದ್ದರಿಂದ ಅರ್ಜಿಯಲ್ಲಿ ಆರ್‌ಸಿಯಲ್ಲಿರುವ ಹೆಸರನ್ನು ಬಿಡದೆ ಸೇರಿಸಬೇಕು. ಕಾನೂನಿನ ಕಣ್ಣಿಗೆ ಮಾಲೀಕ ಅವರೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ರಿಪೇರಿ. ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಎದುರಿನ ಕಂಪನಿಗೆ ಅಪಘಾತದ ದಿನ, ಸ್ಥಳ, ಎರಡೂ ಗಾಡಿಗಳ ನಂಬರ್, ಎಸ್ಟಿಮೇಟ್ ಸೇರಿಸಿ ರಿಜಿಸ್ಟರ್ಡ್ ಪತ್ರ ಮತ್ತು ಇಮೇಲ್ ಕಳುಹಿಸಿ, ‘ನಿಮ್ಮ ಸರ್ವೇಯರ್ ಬಂದು ನೋಡಲಿ’ ಎಂದು ಕೇಳಬೇಕು. ಬಾರದಿದ್ದರೆ ಪರವಾನಗಿ ಪಡೆದ ಸರ್ವೇಯರ್ ಒಬ್ಬರಿಗೆ ನಾವೇ ಶುಲ್ಕ ಕೊಟ್ಟು ವರದಿ ಮಾಡಿಸಿಕೊಂಡು, ಆಮೇಲೆ ಕೆಲಸ ಶುರು ಮಾಡಬೇಕು. ಬಿಚ್ಚಿ ತೆಗೆದ ಹಳೆಯ ಬಿಡಿಭಾಗಗಳ ಫೋಟೊ, ಜಿಎಸ್‌ಟಿ ಬಿಲ್ಲು, ಹಣ ಪಾವತಿಸಿದ ದಾಖಲೆ ಬೇಕೇ ಬೇಕು. ಎಸ್ಟಿಮೇಟ್ ಒಂದನ್ನೇ ಹಿಡಿದು ಹೋದರೆ ಮೊತ್ತ ಸಾಬೀತಾಗುವುದು ಕಷ್ಟ. ಬಿಲ್ಲು ಬರೆದ ಗ್ಯಾರೇಜಿನವರೋ ಸರ್ವೇಯರೋ ಬಂದು ಸಾಕ್ಷಿ ಹೇಳಬೇಕಾಗಬಹುದು. ಅವರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದದ್ದು ಗಡುವು. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಆ ಭರವಸೆಯಲ್ಲಿ ತಡ ಮಾಡುವುದು ತರವಲ್ಲ. ‘ಮಾಡಿಸಿಕೊಡ್ತೀನಿ’ ಎಂದವರಿಗೆ ತಿಂಗಳುಗಟ್ಟಲೆ ಫೋನ್ ಮಾಡುತ್ತ ಕೂತವರ ಕೇಸು ಕೈಬಿಟ್ಟು ಹೋಗುವುದು ಇಲ್ಲೇ. ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನಾವು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಶಿರಾಡಿ ಘಾಟಿಯಲ್ಲಿ ಅಪಘಾತವಾದ ಮೈಸೂರಿನವರು ಮೈಸೂರಿನಲ್ಲೇ ಕೇಸು ನಡೆಸಬಹುದು. ಬೆಂಗಳೂರಿನಲ್ಲಿ ಈ ಕೆಲಸವನ್ನು ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ನೋಡುತ್ತಾರೆ, ಜಿಲ್ಲೆಗಳಲ್ಲಿ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರು. ಪರಿಹಾರಕ್ಕೆ ಬಡ್ಡಿ ಸೇರಿಸುವ ಅಧಿಕಾರವೂ ಅವರಿಗಿದೆ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿ ಇಲ್ಲ ಎನ್ನುವುದು ಚಿಕ್ಕ ಕ್ಲೇಮಿನವರಿಗೆ ಒಂದು ಅನುಕೂಲ: ಗೆದ್ದ ತೀರ್ಪನ್ನು ಕಂಪನಿ ಹೈಕೋರ್ಟಿಗೆ ಎಳೆದೊಯ್ಯಲಾಗದು.

ಚಿಕ್ಕ ಮೊತ್ತದವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಲೋಕ ಅದಾಲತ್ ಬಗ್ಗೆ. ಕೇಸು ದಾಖಲಾಗುವ ಮೊದಲೇ, ವ್ಯಾಜ್ಯಪೂರ್ವ ಹಂತದಲ್ಲೇ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಆದರೆ ಆರು ತಿಂಗಳ ಗಡುವಿನ ಮೇಲೆ ಕಣ್ಣಿಟ್ಟೇ ಮಾತುಕತೆ ನಡೆಸಬೇಕು.

ಗುದ್ದಿದ್ದು ಸಾರಿಗೆ ನಿಗಮದ ಬಸ್ಸಾದರೆ ವಿಮಾ ಕಂಪನಿಯನ್ನು ಹುಡುಕಬೇಕಿಲ್ಲ. ಸ್ವಂತ ನಿಧಿ ಇಟ್ಟುಕೊಂಡ ನಿಗಮಗಳಿಗೆ ವಿಮೆಯಿಂದ ವಿನಾಯಿತಿ ಪಡೆಯಲು ಕಾಯಿದೆಯಲ್ಲಿ ಅವಕಾಶವಿರುವುದರಿಂದ, ಅಂಥ ಕಡೆ ನಿಗಮವೇ ನೇರ ಎದುರುದಾರ. ಪಾಲಿಸಿ ಮುಗಿದ ಗಾಡಿಯಾದರೆ ಮಾಲೀಕ ಮತ್ತು ಚಾಲಕರೇ ಕೊಡಬೇಕು, ತೀರ್ಪು ಬಂದರೂ ವಸೂಲಿ ಕಷ್ಟ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಸರ್ಕಾರಿ ಯೋಜನೆ ಇದೆ, ಕಾರಿನ ಹಾನಿಗೆ ಏನೂ ಇಲ್ಲ. ಫುಲ್ ಇನ್ಶೂರೆನ್ಸ್ ಬೇಕು ಎನ್ನುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ದುಬೈನಲ್ಲಿ ದುಡಿದು ಊರಿಗೆ ಮರಳಿದ ಮಂಗಳೂರು, ಉಡುಪಿ ಕಡೆಯವರಿಗೆ ಇಲ್ಲಿನ ಪದ್ಧತಿ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಪೊಲೀಸರೇ ತಪ್ಪು ಯಾರದೆಂದು ನಿರ್ಧರಿಸಿ ತಪ್ಪಿತಸ್ಥರಿಗೆ ಕೆಂಪು, ಇನ್ನೊಬ್ಬರಿಗೆ ಹಸಿರು ಹಾಳೆ ಕೊಡುತ್ತಾರೆ. ಹಸಿರು ಹಾಳೆ ಹಿಡಿದವರ ಕಾರನ್ನು ತಪ್ಪಿತಸ್ಥರ ವಿಮಾ ಕಂಪನಿ ರಿಪೇರಿ ಮಾಡಿಸುತ್ತದೆ. ಆ ಪದ್ಧತಿಯನ್ನು ಇಲ್ಲಿ ಹಾಗೆಯೇ ತರುವುದು ಸುಲಭವಲ್ಲ, ಸ್ಥಳದಲ್ಲೇ ತಪ್ಪು ಗೊತ್ತುಮಾಡುವ ಅಧಿಕಾರ ಕೊಟ್ಟರೆ ಅದರ ದುರುಪಯೋಗವೂ ಆಗಬಹುದು. ಆದರೆ ನಮ್ಮ ಕಾಯಿದೆಯಲ್ಲೇ ಒಂದು ಬೀಜವಿದೆ. ಅಪಘಾತದ ಸುದ್ದಿ ತಿಳಿದ ಕೂಡಲೇ ಇತ್ಯರ್ಥಕ್ಕಾಗಿ ವಿಮಾ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಅವರು 30 ದಿನದಲ್ಲಿ ನ್ಯಾಯಮಂಡಳಿಯ ಮುಂದೆ ಪರಿಹಾರದ ಪ್ರಸ್ತಾವ ಇಡಬಹುದು ಎಂದು 149ನೇ ಸೆಕ್ಷನ್ ಹೇಳುತ್ತದೆ. ಸಾವು-ನೋವಿನ ಪ್ರಕರಣಗಳಿಗೆಂದು ನೋಡುವ ಈ ಸೆಕ್ಷನ್ನನ್ನು ಐವತ್ತು ಸಾವಿರ, ಲಕ್ಷದೊಳಗಿನ ವಾಹನ ಹಾನಿಗೂ ಗಟ್ಟಿಯಾಗಿ ಅನ್ವಯಿಸಬೇಕು. ತಪ್ಪು ಸ್ಪಷ್ಟವಾಗಿರುವ ಕಡೆ ಕೇಸಿಗೆ ಹೋಗದೆಯೇ ಹಣ ಸಿಗಬೇಕು. ತಪ್ಪಿಲ್ಲದವರ ಬೋನಸ್ ಕಳೆಯುವ ಪದ್ಧತಿಯನ್ನಂತೂ ವಿಮಾ ನಿಯಂತ್ರಣ ಪ್ರಾಧಿಕಾರ ಕೈಬಿಡಿಸಬೇಕು.

ಅದಾಗುವವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಪಾಲಿಸಿ ತೆರೆದು ಮೂರನೆಯವರ ಆಸ್ತಿ ಹಾನಿಯ ಸಾಲು ನೋಡಿ. ಆ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಂಡರೆ ಕಾರಿನ ಕಂತಿನಲ್ಲಿ 100 ರೂಪಾಯಿ ರಿಯಾಯಿತಿ ಕೊಡುವ ಆಯ್ಕೆ ಬಹಳ ಹಿಂದಿನಿಂದ ಇದೆ. ನಿಮ್ಮ ಪಾಲಿಸಿಯಲ್ಲಿ ಅಲ್ಲಿ 6,000 ಎಂದಿದ್ದರೆ, ನೀವು ಇನ್ನೊಬ್ಬರ ಕಾರಿಗೆ ಗುದ್ದಿದ ದಿನ ಉಳಿದದ್ದೆಲ್ಲ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಮುಂದಿನ ನವೀಕರಣದಲ್ಲಿ ಅದನ್ನು 7.5 ಲಕ್ಷಕ್ಕೆ ಏರಿಸಿಕೊಳ್ಳಿ.